ಕೋಳಿ ಮೊಟ್ಟೆಗಳ ಕೃತಕ ಕಾವು ಮತ್ತು ಮರಿಗಳ ಪಾಲನೆ

ಕೃತಕ ಕಾವು ಎಂದರೆ ತಾಯಿಕೋಳಿಯ ನೆರವಿಲ್ಲದೆ, ಇನ್‌ಕ್ಯುಬೇಟರ್ ಎಂಬ ಯಂತ್ರದಲ್ಲಿ ಉಷ್ಣತೆ, ತೇವಾಂಶ ಮತ್ತು ಗಾಳಿಯನ್ನು ನಿಯಂತ್ರಿಸಿ ಫಲಿತ ಮೊಟ್ಟೆಗಳಿಂದ ಮರಿ ಪಡೆಯುವ ವಿಧಾನ. ಕೋಳಿ ಮೊಟ್ಟೆಯ ಕಾವಿನ ಅವಧಿ 21 ದಿನಗಳು; ಬಾತುಕೋಳಿ ಮತ್ತು ಟರ್ಕಿ ಕೋಳಿಗಳದು ಸುಮಾರು 28 ದಿನಗಳು. ಪ್ರಾಚೀನ ಈಜಿಪ್ಟಿನಲ್ಲಿ ಇಟ್ಟಿಗೆಯ ಗೂಡುಗಳನ್ನು ಕಾಯಿಸಿ ಮರಿ ಮಾಡಿಸುವ ಪದ್ಧತಿಯಿತ್ತು. ನಾಟಿ ಕೋಳಿಗಳು ತಾವೇ ಕಾವು ಕೂರುತ್ತವೆ. ವೈಟ್ ಲೆಗಾರ್ನ್‌ನಂತಹ ಮೊಟ್ಟೆ ತಳಿಗಳಲ್ಲಿ ಈ ಗುಣ ಬಹುಮಟ್ಟಿಗೆ ಇಲ್ಲವಾದ್ದರಿಂದ ಅವುಗಳ ಸಂತಾನೋತ್ಪತ್ತಿ ಕೃತಕ ಕಾವನ್ನೇ ಅವಲಂಬಿಸಿದೆ.

ಮೊಟ್ಟೆಗಳ ಆಯ್ಕೆ

ಬಿರುಕಿಲ್ಲದ, ಮಧ್ಯಮ ಗಾತ್ರದ, ಸ್ವಚ್ಛವಾದ ಮೊಟ್ಟೆಗಳು ಸೂಕ್ತ. ಅವುಗಳನ್ನು ದಪ್ಪ ತುದಿ ಮೇಲಿರುವಂತೆ ತಂಪಾದ ಸ್ಥಳದಲ್ಲಿ ಇಡಬೇಕು. ಒಂದು ವಾರಕ್ಕಿಂತ ಹೆಚ್ಚು ಕಾಲ ಇಟ್ಟರೆ ಮರಿಯಾಗುವ ಪ್ರಮಾಣ ಕುಗ್ಗುತ್ತದೆ.

ಉಷ್ಣತೆ

ಫ್ಯಾನ್ ಇರುವ ಯಂತ್ರದಲ್ಲಿ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕು. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೇರಿ ನಿಲ್ಲುವುದರಿಂದ, ಮೊಟ್ಟೆಗಳ ಮೇಲ್ಮಟ್ಟದಲ್ಲಿ ಅಳೆದಾಗ 38.3ರಿಂದ 38.9 ಡಿಗ್ರಿ ಇರಬೇಕು. ಭ್ರೂಣಕ್ಕೆ ಅಲ್ಪಕಾಲದ ತಂಪಿಗಿಂತ ಅತಿಯಾದ ಬಿಸಿ ಹೆಚ್ಚು ಅಪಾಯಕಾರಿ. ವಿದ್ಯುತ್ ಕಡಿತವಾದಾಗ ಮುಚ್ಚಳ ತೆರೆಯದೆ ಪೆಟ್ಟಿಗೆಗೆ ಕಂಬಳಿ ಹೊದಿಸಿ ಬಿಸಿಯನ್ನು ಕಾಪಾಡಬಹುದು. ಆದರೆ ಗಾಳಿಯ ರಂಧ್ರಗಳನ್ನು ಮುಚ್ಚಬಾರದು.

ತೇವಾಂಶ ಮತ್ತು ಗಾಳಿ

ಮೊದಲ 18 ದಿನ ಶೇ. 50–55, ಕೊನೆಯ ಮೂರು ದಿನ ಶೇ. 65–70 ಸಾಪೇಕ್ಷ ಆರ್ದ್ರತೆ ಬೇಕು. ಈ 18 ದಿನಗಳಲ್ಲಿ ನೀರು ಆವಿಯಾಗಿ ಮೊಟ್ಟೆಯ ತೂಕ ಸುಮಾರು ಶೇ. 12ರಷ್ಟು ಇಳಿಯುತ್ತದೆ, ದಪ್ಪ ತುದಿಯ ಗಾಳಿಕೋಶ ಹಿಗ್ಗುತ್ತದೆ. ತೇವ ಹೆಚ್ಚಾದರೆ ಗಾಳಿಕೋಶ ಚಿಕ್ಕದಾಗಿ ಉಳಿದು ಮರಿಯ ಮೊದಲ ಉಸಿರಾಟಕ್ಕೆ ತೊಡಕಾಗುತ್ತದೆ. ತೇವ ಕಡಿಮೆಯಾದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ.

ತಿರುಗಿಸುವಿಕೆ ಮತ್ತು ಪರೀಕ್ಷೆ

ಭ್ರೂಣವು ಪೊರೆಗೆ ಅಂಟದಂತೆ ಮೊಟ್ಟೆಗಳನ್ನು ದಿನಕ್ಕೆ ಕನಿಷ್ಠ ಮೂರು ಬಾರಿ ತಿರುಗಿಸಬೇಕು. ಬೆಸಸಂಖ್ಯೆಯಲ್ಲಿ ತಿರುಗಿಸಿದರೆ ಪ್ರತಿರಾತ್ರಿಯೂ ಒಂದೇ ಮಗ್ಗುಲು ಕೆಳಗಿರುವುದು ತಪ್ಪುತ್ತದೆ. 7ನೆಯ ದಿನ ಕತ್ತಲಲ್ಲಿ ದೀಪಕ್ಕೆ ಹಿಡಿದು ನೋಡಿದಾಗ ಫಲಿತ ಮೊಟ್ಟೆಯಲ್ಲಿ ರಕ್ತನಾಳಗಳ ಜಾಲ ಕಾಣುತ್ತದೆ. ಬಂಜೆ ಮೊಟ್ಟೆಗಳನ್ನು ತೆಗೆದುಹಾಕಲಾಗುತ್ತದೆ. 18ನೆಯ ದಿನದಿಂದ ತಿರುಗಿಸುವುದನ್ನು ನಿಲ್ಲಿಸಬೇಕು.

ಮರಿ ಹೊರಬರುವ ಹಂತ

ಮರಿಯು ಮೊದಲು ಗಾಳಿಕೋಶವನ್ನು ಭೇದಿಸಿ ಉಸಿರಾಡುತ್ತದೆ. ನಂತರ ಚಿಪ್ಪನ್ನು ಕುಟ್ಟುತ್ತದೆ. ಬಳಿಕ ಹಲವು ಗಂಟೆ ಸುಮ್ಮನಿರುವುದು ಸಹಜ. ಆ ಅವಧಿಯಲ್ಲಿ ಉಳಿದ ಹಳದಿ ಭಾಗ ಹೊಟ್ಟೆಯೊಳಗೆ ಸೇರುತ್ತಿರುತ್ತದೆ ಮತ್ತು ಪೊರೆಯ ರಕ್ತನಾಳಗಳು ಬತ್ತುತ್ತಿರುತ್ತವೆ. ಅವಸರದಿಂದ ಚಿಪ್ಪು ಬಿಡಿಸಿದರೆ ರಕ್ತಸ್ರಾವವಾಗಿ ಮರಿ ಸಾಯಬಹುದು. ಪದೇ ಪದೇ ಮುಚ್ಚಳ ತೆರೆದರೆ ತೇವ ಇಳಿದು ಉಳಿದ ಮರಿಗಳಿಗೂ ಹಾನಿಯಾಗುತ್ತದೆ.

ಮರಿಗಳ ಪಾಲನೆ

ಮೈ ಒಣಗಿದ ಮರಿಗಳನ್ನು ಮೊದಲೇ ಬೆಚ್ಚಗಾಗಿಸಿದ ಬ್ರೂಡರ್‌ಗೆ ವರ್ಗಾಯಿಸಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಉಷ್ಣತೆ ನೀಡಿ, ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಲಾಗುತ್ತದೆ. ಮರಿಗಳ ವರ್ತನೆಯೇ ವಿಶ್ವಾಸಾರ್ಹ ಸೂಚನೆ: ದೀಪದಡಿ ಗುಂಪುಗೂಡಿ ಕೂಗಿದರೆ ಚಳಿ, ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಸಮನಾಗಿ ಹರಡಿ ಓಡಾಡಿದರೆ ಹಿತಕರ.

ನೆಲಕ್ಕೆ ಭತ್ತದ ಹೊಟ್ಟನ್ನು ಹಾಸಬೇಕು. ನುಣುಪಾದ ಕಾಗದದ ಮೇಲೆ ಜಾರಿದ ಮರಿಗಳ ಕಾಲು ಅಗಲಿ ಊನವಾಗಬಹುದು. ಒದ್ದೆ ಹಾಸು ರಕ್ತಭೇದಿಗೆ (ಕಾಕ್ಸಿಡಿಯೋಸಿಸ್) ದಾರಿಯಾಗುತ್ತದೆ. ನೀರಿನ ಪಾತ್ರೆ ಆಳವಿಲ್ಲದಿರಬೇಕು. ಬೆಣಚುಕಲ್ಲು ಹಾಕಿದರೆ ಮರಿಗಳು ಮುಳುಗುವುದಿಲ್ಲ. ಹೊಟ್ಟೆಯಲ್ಲಿ ಉಳಿದ ಹಳದಿ ಭಾಗವು ಎರಡು ಮೂರು ದಿನ ಪೋಷಣೆ ನೀಡಬಲ್ಲದಾದರೂ, ನೀರು ಮತ್ತು ಆಹಾರ ಬೇಗ ದೊರೆತಷ್ಟೂ ಬೆಳವಣಿಗೆ ಉತ್ತಮ. ಮ್ಯಾರೆಕ್ಸ್ ಲಸಿಕೆಯನ್ನು ಮೊದಲ ದಿನವೇ ನೀಡಲಾಗುತ್ತದೆ. ಕೊಕ್ಕರೆ ರೋಗ ಮತ್ತು ಗಂಬೋರೊ ಲಸಿಕೆಗಳು ಮುಂದಿನ ವಾರಗಳಲ್ಲಿ ಪಶುವೈದ್ಯರ ಸಲಹೆಯಂತೆ ನೀಡಲ್ಪಡುತ್ತವೆ.