ಆಲೂಗೆಡ್ಡೆ ಗೆಣಸುಗಳ ಪೂರ್ವೋತ್ತರ

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಪಿತೃಕಾರ್ಯದ ಅಡಿಗೆಗೆ ಆಲೂಗೆಡ್ಡೆ ಸಲ್ಲದು, ಗೆಣಸು ಸಲ್ಲುವುದು. ಕಾರಣವೇನೆಂದು ಕೇಳಿದರೆ ಮನೆಯ ಹಿರಿಯರು, "ಅದು ಇಂಗ್ಲಿಷ್ ತರಕಾರಿ, ಇದು ಹಿಂದಿನಿಂದಲೂ ನಮ್ಮದು" ಎಂದು ನಿಸ್ಸಂಶಯವಾಗಿ ಹೇಳುವರು. ಈ ಮಾತಿನ ಪೂರ್ವಾರ್ಧವು ಎಷ್ಟು ತಪ್ಪೋ ಉತ್ತರಾರ್ಧವೂ ಅಷ್ಟೇ ತಪ್ಪು. ಆಲೂಗೆಡ್ಡೆಯು ಇಂಗ್ಲಿಷರ ದೇಶದಲ್ಲಿ ಹುಟ್ಟಿದುದಲ್ಲ. ಸಿಹಿಗೆಣಸು ನಮ್ಮ ದೇಶದಲ್ಲಿ ಹುಟ್ಟಿದುದಲ್ಲ. ಎರಡೂ ಅಮೆರಿಕಾ ಖಂಡದಲ್ಲಿ ಹುಟ್ಟಿದವು. ಎರಡೂ ಯೂರೋಪಿನವರ ಹಡಗುಗಳಲ್ಲಿ ಸಮುದ್ರವನ್ನು ದಾಟಿ ನಮ್ಮ ತೀರವನ್ನು ಸೇರಿದವು. ಹೀಗಿದ್ದೂ ಒಂದು ಮನೆಯ ಮಗುವಾಯಿತು, ಇನ್ನೊಂದು ನೆಂಟನಾಗಿಯೇ ಉಳಿಯಿತು. ಇದು ಹೇಗಾಯಿತೆಂಬುದನ್ನು ವಿಚಾರಿಸುವುದಕ್ಕೆ ಪುಸ್ತಕಗಳ ಜೊತೆಗೆ ಹಿತ್ತಿಲಿನ ಮಣ್ಣನ್ನೂ ಸ್ವಲ್ಪ ಕೆದಕಬೇಕಾಗುವುದು.

ಈ ಎರಡು ಗೆಡ್ಡೆಗಳಿಗೆ ಪರಸ್ಪರ ನಂಟಿಲ್ಲ. ಆಲೂಗೆಡ್ಡೆಯು ಬದನೆ, ಟೊಮೆಟೊ, ಮೆಣಸಿನಕಾಯಿ, ಹೊಗೆಸೊಪ್ಪುಗಳ ಕುಲದ್ದು. ಅದರ ಗೆಡ್ಡೆಯು ಬೇರಲ್ಲ, ನೆಲದೊಳಗೆ ಉಬ್ಬಿಕೊಂಡ ಕಾಂಡ. ಅದರ ಮೇಲಿನ ಕಣ್ಣುಗಳೇ ಮೊಗ್ಗುಗಳು. ಬಿಸಿಲು ತಾಕಿದರೆ ಅದು ಹಸುರಾಗುವುದೂ, ಹಾಗೆ ಹಸುರಾದುದು ಕಹಿಯೂ ವಿಷವೂ ಆಗುವುದೂ ಈ ಕುಲದ ಗುಣ. ಗೆಣಸಾದರೋ ಕರಾವಳಿಯ ಮರಳಿನ ಮೇಲೆ ಹಬ್ಬುವ ಅಡುಂಬಿನ ಬಳ್ಳಿಗೆ ದಾಯಾದಿ. ಅದು ನಿಜವಾದ ಬೇರು. ಕಾಂಡಕ್ಕೂ ಬೇರಿಗೂ ಇರುವ ಈ ಭೇದವು ಮೇಲೆ ನೋಡುವುದಕ್ಕೆ ಸಣ್ಣದು, ಚರಿತ್ರೆಯಲ್ಲಿ ಸಣ್ಣದಾಗಿಲ್ಲ.

ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಸಮುದ್ರಮಟ್ಟಕ್ಕೆ ಸುಮಾರು 12,500 ಅಡಿ ಮೇಲಿರುವ ಟಿಟಿಕಾಕಾ ಸರೋವರದ ಆಸುಪಾಸಿನಲ್ಲಿ ಅಲ್ಲಿಯ ಜನರು ಏಳು ಸಾವಿರ ವರ್ಷಗಳಿಗೂ ಹಿಂದೆ ಕಾಡುಗೆಡ್ಡೆಯನ್ನು ಪಳಗಿಸಿದರೆಂದು ವಿದ್ವಾಂಸರ ಮತ. ರಾತ್ರಿಯ ಹಿಮದಲ್ಲಿ ಗೆಡ್ಡೆಯನ್ನು ಹೆಪ್ಪುಗಟ್ಟಿಸಿ, ಹಗಲಿನ ಬಿಸಿಲಿನಲ್ಲಿ ಒಣಗಿಸಿ, ಕಾಲಿನಿಂದ ತುಳಿದು ನೀರನ್ನು ತೆಗೆದು, ವರ್ಷಗಟ್ಟಲೆ ಕೆಡದಂತೆ ಇಡುವ ಉಪಾಯವನ್ನೂ ಅವರು ಕಂಡುಕೊಂಡಿದ್ದರು. ನಮ್ಮ ಹೆಂಗಸರ ಸಂಡಿಗೆಯ ವಿದ್ಯೆಗೆ ಇದು ದೂರದ ಅಕ್ಕನೆನ್ನಬಹುದು. ಸ್ಪೇನಿನವರು ಪೆರು ದೇಶವನ್ನು ಗೆದ್ದಮೇಲೆ ಗೆಡ್ಡೆಯು ಯೂರೋಪಿಗೆ ಬಂದಿತು. 1567ರಲ್ಲಿ ಕ್ಯಾನರಿ ದ್ವೀಪಗಳಿಂದ ಆಂಟ್‌ವರ್ಪಿಗೆ ಅದನ್ನು ಸಾಗಿಸಿದ ಲೆಕ್ಕವೂ, 1573ರಲ್ಲಿ ಸೆವಿಲ್ ನಗರದ ಒಂದು ಆಸ್ಪತ್ರೆಯವರು ಅದನ್ನು ಕೊಂಡ ಲೆಕ್ಕವೂ ದೊರೆತಿವೆ. ರಾಜರ ದಿಗ್ವಿಜಯಗಳಿಗಿಂತ ಇಂಥ ಉಗ್ರಾಣದ ಲೆಕ್ಕಗಳೇ ಬೆಳೆಗಳ ಚರಿತ್ರೆಗೆ ಹೆಚ್ಚು ನಂಬತಕ್ಕ ಶಾಸನಗಳು.

ಸಿಹಿಗೆಣಸು ಯೂರೋಪಿಗೆ ಇದಕ್ಕಿಂತ ಮೊದಲೇ ಹೋಗಿದ್ದಿತು. 1492ರಲ್ಲಿ ಕೊಲಂಬಸನು ಕರೀಬಿಯನ್ ದ್ವೀಪಗಳಲ್ಲಿ ಅದನ್ನು ಕಂಡನು. ಆ ದ್ವೀಪವಾಸಿಗಳು ಅದನ್ನು "ಬಟಾಟ" ಎನ್ನುತ್ತಿದ್ದರು. ತರುವಾಯ ಆಂಡೀಸಿನ ಗೆಡ್ಡೆ ಬಂದಾಗ ಯೂರೋಪಿನವರು ಮೊದಲಿನದರ ಹೆಸರನ್ನೇ ಎರಡನೆಯದಕ್ಕೂ ಇಟ್ಟು, ಮುಂದಿನ ಚರಿತ್ರಕಾರರಿಗೆ ದೊಡ್ಡ ತೊಡಕನ್ನು ಮಾಡಿಟ್ಟರು. ಹದಿನಾರು ಹದಿನೇಳನೆಯ ಶತಮಾನಗಳ ಇಂಗ್ಲಿಷ್ ಬರಹದಲ್ಲಿ "ಪೊಟೇಟೋ" ಎಂದರೆ ಬಹುಮಟ್ಟಿಗೆ ಸಿಹಿಗೆಣಸೇ.

ಈ ತೊಡಕು ನಮ್ಮ ದೇಶದ ಚರಿತ್ರೆಗೂ ತಟ್ಟಿರುವುದು. ಜಹಾಂಗೀರನ ಕಾಲದಲ್ಲಿ ಇಂಗ್ಲಿಷ್ ರಾಯಭಾರಿಯಾಗಿದ್ದ ಸರ್ ಥಾಮಸ್ ರೋನ ಪಾದ್ರಿ ಎಡ್ವರ್ಡ್ ಟೆರ್ರಿಯು 1655ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಸಫ್ ಖಾನನು ರಾಯಭಾರಿಗೆ ಮಾಡಿಸಿದ ಔತಣದ ಭಕ್ಷ್ಯಗಳಲ್ಲಿ ಇದೂ ಇದ್ದಿತೆಂದು ಹೇಳಿರುವನು. 1672ರಿಂದ 1681ರ ವರೆಗೆ ಈ ದೇಶದಲ್ಲಿಯೂ ಪಾರಸೀಕದಲ್ಲಿಯೂ ಸಂಚರಿಸಿ, ಕಾರವಾರ ಗೋಕರ್ಣಗಳನ್ನೂ ನೋಡಿ, 1698ರಲ್ಲಿ ಪುಸ್ತಕವನ್ನು ಹೊರಡಿಸಿದ ಜಾನ್ ಫ್ರಯರ್ ಎಂಬ ವೈದ್ಯನ ಬರಹವನ್ನು ಆಧಾರವಾಗಿಟ್ಟುಕೊಂಡು, ಸೂರತ್ತಿನಲ್ಲಿಯೂ ಕರ್ನಾಟಕದಲ್ಲಿಯೂ ಆಗಲೇ ತೋಟಗಳಲ್ಲಿ ಆಲೂಗೆಡ್ಡೆ ಬೆಳೆಯುತ್ತಿದ್ದಿತೆಂದು ಕೃಷಿಚರಿತ್ರೆಯನ್ನು ಬರೆದ ಹಲವರು ಹೇಳುತ್ತ ಬಂದಿರುವರು. ಹೆಮ್ಮೆಯ ಮಾತೇನೋ ಹೌದು. ಆದರೆ ಆ ಕಾಲದ ಇಂಗ್ಲಿಷ್ ಶಬ್ದಾರ್ಥವನ್ನೂ, ಸೂರತ್ತು ಕಾರವಾರಗಳ ಸೆಕೆಯನ್ನೂ ನೆನೆದರೆ, ಅವರು ಕಂಡುದು ಗೆಣಸೇ ಆಗಿರಬೇಕೆಂದು ನನ್ನ ಅಭಿಪ್ರಾಯ. ಆಲೂಗೆಡ್ಡೆಗೆ ತಂಪಾದ ರಾತ್ರಿಗಳಿಲ್ಲದೆ ಗೆಡ್ಡೆ ಕಟ್ಟುವುದು ಕಷ್ಟ. ಗೆಣಸಿಗೆ ಸೆಕೆಯೇ ಹಿತ.

ಹೆಸರುಗಳ ವಿಷಯದಲ್ಲಿ ಇನ್ನೊಂದು ವಿನೋದವಿದೆ. ಪೋರ್ತುಗೀಜರ ಬಾಯಿಂದ ಬಂದ "ಬಟಾಟ" ಎಂಬ ಶಬ್ದವು ಮರಾಠಿ, ಕೊಂಕಣಿ ಮತ್ತು ನಮ್ಮ ಉತ್ತರದ ಹಾಗೂ ಕರಾವಳಿಯ ಕನ್ನಡದಲ್ಲಿ ಆಲೂಗೆಡ್ಡೆಗೆ ನಿಂತಿತು. ಮೂಲತಃ ಆ ಹೆಸರಿಗೆ ಒಡೆಯನಾದ ಸಿಹಿಗೆಣಸು ಮಾತ್ರ ಅದನ್ನು ಬಿಟ್ಟುಕೊಟ್ಟು ಮರಾಠಿಯಲ್ಲಿ ರತಾಳೆ, ತುಳುವಿನಲ್ಲಿ ಕೆರೆಂಗ್, ಕನ್ನಡದಲ್ಲಿ ಗೆಣಸು ಎಂಬ ದೇಶೀಯ ಹೆಸರುಗಳನ್ನು ಧರಿಸಿತು. ಗೆಣಸು ಎಂಬುದು ನಮ್ಮಲ್ಲಿ ಮೊದಲಿನಿಂದಲೂ ನೆಲದೊಳಗಿನ ಬಳ್ಳಿಗೆಡ್ಡೆಗಳಿಗೆ ಸಾಮಾನ್ಯವಾದ ಮಾತು. ಹೆಗ್ಗೆಣಸು, ಮುಳ್ಳುಗೆಣಸು ಮುಂತಾದವು ಬೇರೆ ಸಸ್ಯಗಳು, ಈ ನೆಲದ ಹಳೆಯ ನಿವಾಸಿಗಳು. ಹದಿನಾರನೆಯ ಶತಮಾನದ ಆದಿಯಲ್ಲಿ ಸೂಪಶಾಸ್ತ್ರವನ್ನು ಬರೆದ ಮೂರನೆಯ ಮಂಗರಸನಿಗೆ ಸಿಹಿಗೆಣಸಿನ ಪರಿಚಯವಿದ್ದಿರಲಾರದು. ಆದುದರಿಂದ ಹಳೆಯ ಗ್ರಂಥಗಳಲ್ಲಿ ಗೆಣಸೆಂಬ ಶಬ್ದ ಕಂಡ ಮಾತ್ರಕ್ಕೆ ಇಂದಿನ ಗೆಣಸನ್ನು ಭಾವಿಸಿಕೊಳ್ಳಬಾರದು. ಆಲೂ ಎಂಬ ಹೆಸರೂ ಹೀಗೆಯೇ; ಸಂಸ್ಕೃತದ ಆಲು, ಆಲುಕಗಳು ಕಾಡಿನ ಕಂದಗಳ ಹೆಸರುಗಳು. ಹೊಸಬನಿಗೆ ಹಳೆಯ ಹೆಸರನ್ನಿಡುವ ಈ ಪದ್ಧತಿ ನಮ್ಮದಷ್ಟೇ ಎಂದು ತಿಳಿಯಬೇಡಿ. ಜಪಾನಿನ ಬಹುಭಾಗದಲ್ಲಿ ಸಿಹಿಗೆಣಸಿಗೆ "ಸತ್ಸುಮಾದ ಗೆಡ್ಡೆ" ಎಂದು ಹೆಸರು. ಸತ್ಸುಮಾ ಇರುವ ದಕ್ಷಿಣದ ಕ್ಯೂಷೂ ದ್ವೀಪದಲ್ಲಿ ಅದಕ್ಕೆ "ಚೀನದ ಗೆಡ್ಡೆ" ಎಂದು ಹೆಸರು. ಚೀನದ ಫೂಜಿಯನ್ ಪ್ರಾಂತಕ್ಕೆ ಅದು ಬಂದುದು 1593ರಲ್ಲಿ ಲೂಜಾನ್ ದ್ವೀಪದಿಂದ. ಎಲ್ಲರೂ ನೆರೆಮನೆಯ ಕಡೆಗೆ ಕೈತೋರಿಸುವರು.

ಆ ಚೀನದ ಕಥೆಯಲ್ಲಿ ನಮ್ಮ ಪ್ರಶ್ನೆಗೆ ಉತ್ತರದ ಅರ್ಧವಿದೆ. ಚೆನ್ ಝೆನ್‌ಲುಂಗ್ ಎಂಬ ವರ್ತಕನು ತಂದುದು ಗೆಡ್ಡೆಯ ಮೂಟೆಯನ್ನಲ್ಲ, ಬಳ್ಳಿಯ ತುಂಡುಗಳನ್ನು. ಮರುವರ್ಷ ಪ್ರಾಂತದಲ್ಲಿ ಕ್ಷಾಮ ತಲೆದೋರಿದಾಗ ಅಲ್ಲಿಯ ಅಧಿಕಾರಿಯು ಅದನ್ನು ಜನರಲ್ಲಿ ಹರಡಿಸಿದನು. ಹಿಡಿಯಷ್ಟು ಬಳ್ಳಿಯಿಂದ ಒಂದು ಊರಿಗೆ ಬೆಳೆಯಾಗಬಲ್ಲ ಗಿಡ ಅದು.

ನಮ್ಮ ಹಿತ್ತಿಲಿನ ಅನುಭವವೂ ಇದೇ. ಗೇಣಿಗಿಂತ ತುಸು ಉದ್ದವಾಗಿ, ನಾಲ್ಕೈದು ಗೆಣ್ಣುಗಳಿರುವಂತೆ, ಬಳ್ಳಿಯ ತುದಿಯ ಕಡೆಯಿಂದ ತುಂಡುಗಳನ್ನು ಕತ್ತರಿಸಬೇಕು. ಎರಡು ಅಡಿಗೊಂದರಂತೆ ಬೋದುಗಳನ್ನು ಏರಿಸಿ, ಗೇಣಿಗೊಂದು ತುಂಡನ್ನು ಎರಡು ಮೂರು ಗೆಣ್ಣು ಮಣ್ಣಿನೊಳಗಾಗುವಂತೆ ನೆಟ್ಟು, ಬೇರು ಹಿಡಿಯುವ ತನಕ ತೇವವನ್ನು ಕಾಯ್ದರೆ ಸಾಕು. ಕೆಂಪು ಮರಳುಗಪ್ಪಿನ ನೆಲ ಒಳ್ಳೆಯದು. ಗೊಬ್ಬರವನ್ನು ಪ್ರೀತಿಯಿಂದ ಸುರಿಯುವವರಿಗೆ ಎಲೆಯ ಸಂಭ್ರಮ ದೊರೆಯುವುದೇ ಹೊರತು ಗೆಣಸು ದೊರೆಯುವುದಿಲ್ಲ. ಹಬ್ಬಿದ ಬಳ್ಳಿಯನ್ನು ಆಗಾಗ್ಗೆ ಎತ್ತಿ ಮಗುಚಬೇಕು. ಇಲ್ಲವಾದರೆ ಗೆಣ್ಣುಗೆಣ್ಣಿಗೂ ಬೇರುಬಿಟ್ಟು ಬುಡದ ಸಾರವು ಹಂಚಿಹೋಗುವುದು. ಬೋದು ಬಿರಿದಲ್ಲಿ ಮೂತಿಹುಳು ಒಳಹೊಗುವುದರಿಂದ ಮಣ್ಣನ್ನು ಮುಚ್ಚುತ್ತಿರಬೇಕು. ನಾಲ್ಕು ತಿಂಗಳಿಗೆ ಬೆಳೆ ಬರುವುದು. ಅಗೆದ ದಿನವೇ ಬೇಲಿಯಾಚೆಯ ಮನೆಯವರು ಒಂದು ತೆಕ್ಕೆ ಬಳ್ಳಿಯನ್ನು ಕೇಳಿ ಒಯ್ಯುವರು. ಬೀಜಕ್ಕೆ ಕಾಸಿಲ್ಲ, ಅಂಗಡಿಯಿಲ್ಲ, ಸರ್ಕಾರವಿಲ್ಲ. ಈ ಬಳ್ಳಿಯು ಕೈಯಿಂದ ಕೈಗೆ ದಾಟಿ ಬಂದುದರಿಂದಲೇ ಅದು ಯಾರಿಂದ ಬಂದಿತೆಂಬುದು ಜನರಿಗೆ ಮರೆತುಹೋಯಿತು.

ಆಲೂಗೆಡ್ಡೆಯ ಪ್ರವೇಶವು ಹೀಗಾಗಲಿಲ್ಲ. ಅದು ಅಧಿಕಾರಿಗಳ ಕೈಹಿಡಿದು ಬಂದಿತು. ಕೊಯಿಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲ್ಲಿವನ್ನನು 1820ರ ದಶಕದಲ್ಲಿ ನೀಲಗಿರಿಯ ಮೇಲೆ ಯೂರೋಪಿನ ತರಕಾರಿಗಳನ್ನು ಹಾಕಿಸಿದಾಗ ಆಲೂಗೆಡ್ಡೆಯೂ ಅಲ್ಲಿ ನೆಲೆಗೊಂಡಿತು. ಅದನ್ನು ಕೈಗೆತ್ತಿಕೊಂಡವರಲ್ಲಿ ಬಡಗರು ಮುಖ್ಯರು. ಇವರು ಹೆಸರೇ ಹೇಳುವಂತೆ ಬಡಗಣಿಂದ, ಎಂದರೆ ಮೈಸೂರು ಸೀಮೆಯ ಕಡೆಯಿಂದ, ಮಲೆಯನ್ನೇರಿದವರು. ಇವರ ನುಡಿ ಕನ್ನಡಕ್ಕೆ ತೀರ ಹತ್ತಿರ. ರಾಗಿ, ಸಾಮೆ, ಕೊರಲೆಗಳ ಹೊಲಗಳಲ್ಲಿ ಕ್ರಮೇಣ ಪೇಟೆಗಾಗಿ ಬೆಳೆಯುವ ಗೆಡ್ಡೆ ಹಬ್ಬಿತು; ಹಣವೂ ಬಂದಿತು. 1961ರಲ್ಲಿ ಅದೇ ಬೆಟ್ಟಗಳ ಮಣ್ಣಿನಲ್ಲಿ ಆಲೂಗೆಡ್ಡೆಯ ಬೇರನ್ನು ಹಿಡಿಯುವ ಸೂಕ್ಷ್ಮಜಂತುವನ್ನು ಪತ್ತೆಹಚ್ಚಿದರು. ಗೆಡ್ಡೆಯ ಹಿಂದೆ ಅದರ ತವರಿನ ಶತ್ರುವೂ ಹುಡುಕಿಕೊಂಡು ಬಂದಿದ್ದಿತು.

ಮೈದಾನದಲ್ಲಿ ಇದರ ಕೃಷಿ ಬೆಂಗಳೂರು, ಕೋಲಾರ, ಹಾಸನಗಳ ಎತ್ತರದ ನೆಲದಲ್ಲಿ ಬೇರೂರಿತು. ಮನೆಯಲ್ಲಿ ಬೆಳೆಯುವವರು ಕೋಳಿಮೊಟ್ಟೆಯ ಗಾತ್ರದ ಮೊಳೆತ ಗೆಡ್ಡೆಯನ್ನು ಇಡಿಯಾಗಿಯೋ, ಎರಡು ಕಣ್ಣು ಬರುವಂತೆ ಕೊಯ್ದು ನೆರಳಿನಲ್ಲಿ ಗಾಯವನ್ನು ಒಣಗಿಸಿಯೋ, ನಾಲ್ಕು ಬೆರಳು ಆಳಕ್ಕೆ ಗೇಣಿಗೊಂದರಂತೆ ಇಡಬೇಕು. ತಿಂಗಳಿಗೆ ಬುಡಕ್ಕೆ ಮಣ್ಣನ್ನು ಏರಿಸಬೇಕು. ಮೂರು ತಿಂಗಳಿಗೆ ಎಲೆ ಹಳದಿಯಾದಾಗ ಕೀಳಬಹುದು. ಮೊದಲ ವರ್ಷ ಬುಟ್ಟಿ ತುಂಬುವುದು. ಆ ಬೆಳೆಯಲ್ಲಿಯೇ ಬೀಜಕ್ಕೆಂದು ಎತ್ತಿಟ್ಟು ಮರುವರ್ಷ ನೆಟ್ಟರೆ ಅರ್ಧವಾಗುವುದು. ಮೂರನೆಯ ವರ್ಷ ಗೋಲಿಯಷ್ಟು ಗೆಡ್ಡೆಗಳನ್ನು ಮಡಿಲಲ್ಲಿ ಹಾಕಿಕೊಂಡು ಮನೆಯವರು ಮಣ್ಣಿನ ಮೇಲೆ ಕೋಪಗೊಳ್ಳುವರು. ನಾನೂ ಹಾಗೆ ಕೋಪಿಸಿಕೊಂಡವನೇ. ತಪ್ಪು ಮಣ್ಣಿನದಲ್ಲ. ಬಿಸಿಲುನಾಡಿನ ಸಸ್ಯಹೇನುಗಳು ಎಲೆಯಿಂದ ಎಲೆಗೆ ನಂಜುರೋಗಗಳನ್ನು ಹೊತ್ತೊಯ್ಯುವುವು; ಕಾಂಡವೇ ಗೆಡ್ಡೆಯಾದುದರಿಂದ ನಂಜು ಬೀಜದಲ್ಲಿಯೇ ಉಳಿದು ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುವುದು.

ಆದಕಾರಣ ಆಲೂಗೆಡ್ಡೆಯ ಬೀಜವನ್ನು ಪ್ರತಿವರ್ಷವೂ ತಂಪು ಸೀಮೆಯಿಂದ ತರಿಸಲೇಬೇಕಾಯಿತು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಮುಂಬಯಿ ಪ್ರಾಂತದವರು ಇಟಲಿಯಿಂದ ಹಡಗಿನಲ್ಲಿ ತರಿಸುತ್ತಿದ್ದರು. 1949ರಲ್ಲಿ ಪಾಟ್ನಾದಲ್ಲಿ ಸ್ಥಾಪಿತವಾಗಿ 1956ರಲ್ಲಿ ಸಿಮ್ಲಾಕ್ಕೆ ಹೋದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನ ಸಂಸ್ಥೆಯ ಪುಷ್ಕರನಾಥರೂ ಅವರ ಸಹೋದ್ಯೋಗಿಗಳೂ, ಉತ್ತರದ ಬಯಲಿನಲ್ಲಿ ಚಳಿಗಾಲದ ಕೆಲವು ವಾರಗಳಲ್ಲಿ ಸಸ್ಯಹೇನುಗಳು ವಿರಳವೆಂಬುದನ್ನು ಉಪಯೋಗಿಸಿಕೊಂಡು, ಅಲ್ಲಿಯೇ ಬೀಜದ ಗೆಡ್ಡೆಯನ್ನು ಬೆಳೆಯುವ ಕ್ರಮವನ್ನು ಏರ್ಪಡಿಸಿದರು. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಎಂಬ ತಳಿಯು ಹಾಸನದ ರೈತರಿಗೆ ಮನೆಮಾತಾಯಿತು. ಅಂದಿನಿಂದ ಬೇಸಗೆಯ ಕೊನೆಗೆ ಪಂಜಾಬಿನ ಜಲಂಧರದಿಂದ ಲಾರಿಗಳು ಬೀಜವನ್ನು ಹೊತ್ತು ಹಾಸನದ ಮಾರುಕಟ್ಟೆಗೆ ಬರುವುದು ವಾಡಿಕೆ. ಬೀಜದ ಬೆಲೆಯೇ ಬೇಸಾಯದ ಖರ್ಚಿನಲ್ಲಿ ದೊಡ್ಡ ಪಾಲು. ಸಾಲ ಮಾಡಿ ಕೊಂಡ ಬೀಜವು ಹಳೆಯದೋ, ಕೊಳೆತುದೋ ಎಂಬುದು ಮೊಳಕೆ ಬಂದಮೇಲೆಯೇ ತಿಳಿಯುವುದು.

ಇಷ್ಟು ಪರಾಧೀನವಾದ ಬೆಳೆಯನ್ನೇ ನಚ್ಚಿದರೆ ಏನಾಗುವುದೆಂಬುದಕ್ಕೆ ಐರ್ಲೆಂಡಿಗಿಂತ ಘೋರವಾದ ನಿದರ್ಶನ ಬೇಕಿಲ್ಲ. ಅಲ್ಲಿಯ ಬಡವರು ತುಂಡು ಭೂಮಿಯಲ್ಲಿ ಬಹುಮಟ್ಟಿಗೆ ಲಂಪರ್ ಎಂಬ ಒಂದೇ ಜಾತಿಯ ಗೆಡ್ಡೆಯನ್ನು ಬೆಳೆದು ಅದರಿಂದಲೇ ಹೊಟ್ಟೆ ಹೊರೆಯುತ್ತಿದ್ದರು. 1845ರಲ್ಲಿ ಅಂಗಮಾರಿ ರೋಗವು ಕಾಲಿಟ್ಟಿತು. 1846ರಲ್ಲಿ ಹೆಚ್ಚು ಕಡಮೆ ಇಡೀ ಬೆಳೆ ಕೊಳೆಯಿತು. 1841ರ ಖಾನೇಷುಮಾರಿಯಲ್ಲಿ 81 ಲಕ್ಷದಷ್ಟಿದ್ದ ಜನಸಂಖ್ಯೆಯು 1851ರಲ್ಲಿ 65 ಲಕ್ಷಕ್ಕೆ ಇಳಿದಿದ್ದಿತು. ಸತ್ತವರು ಸುಮಾರು ಹತ್ತು ಲಕ್ಷ. ದೇಶವನ್ನು ಬಿಟ್ಟವರೂ ಅಷ್ಟೇ. ಜನರು ಹಸಿದಿದ್ದ ಆ ವರ್ಷಗಳಲ್ಲಿಯೂ ಅಲ್ಲಿಂದ ಧಾನ್ಯವು ಹಡಗುಗಳಲ್ಲಿ ಹೊರಕ್ಕೆ ಹೋಗುತ್ತಿದ್ದಿತೆಂಬುದನ್ನು ಮರೆಯಬಾರದು. ರೋಗವು ಬೆಳೆಯನ್ನು ಕೊಂದಿತು, ಜನರನ್ನು ಕೊಂದುದರಲ್ಲಿ ಆಳ್ವಿಕೆಗೂ ಪಾಲಿದ್ದಿತು. ಅದೇ ಅಂಗಮಾರಿಯು ಈ ಶತಮಾನದಲ್ಲಿ ಹಾಸನದ ಮಳೆಗಾಲದ ಹೊಲಗಳಲ್ಲಿಯೂ ಹಾವಳಿ ಮಾಡಿ, ಒಂದು ಕಾಲಕ್ಕೆ ಜಿಲ್ಲೆಗೆ ಹೆಸರು ತಂದಿದ್ದ ಬೆಳೆಯನ್ನು ಬಹುವಾಗಿ ಕುಗ್ಗಿಸಿತು. ಬೆಳಗಾವಿಯ ಕಡೆಯ ಗೆಣಸಿನ ಹೊಲಗಳಿಗೆ ಆ ರೋಗದ ಭಯವಿಲ್ಲ.

ಈಚಿನ ವರ್ಷಗಳಲ್ಲಿ ಹಾಸನದ ಸೀಮೆಯಲ್ಲಿ ಒಂದು ಹೊಸ ಕ್ರಮವು ಕಾಣಿಸಿಕೊಂಡಿರುವುದು. ಪ್ರಯೋಗಶಾಲೆಯಲ್ಲಿ ರೋಗವಿಲ್ಲದಂತೆ ಬೆಳೆಸಿದ ಆಲೂಗೆಡ್ಡೆಯ ಸಸಿಗಳ ಕುಡಿಯನ್ನು ಕತ್ತರಿಸಿ, ತಟ್ಟೆಗಳಲ್ಲಿ ಬೇರು ಬರಿಸಿ, ರೈತರಿಗೆ ಕೊಡುವರು; ಅವರು ಅದನ್ನು ನೆಟ್ಟು ತಮ್ಮ ಹೊಲದಲ್ಲಿಯೇ ಬೀಜದ ಗೆಡ್ಡೆಯನ್ನು ಪಡೆಯುವರು. ಈ ಕಾರ್ಯದಲ್ಲಿ ಸಹಾಯಮಾಡುತ್ತಿರುವ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರವು ಪೆರು ದೇಶದ ಲೀಮಾ ನಗರದಲ್ಲಿದೆ. ಹೆಸರು ಆಲೂಗೆಡ್ಡೆಯದಾದರೂ ಸಿಹಿಗೆಣಸಿನ ಸಂಶೋಧನೆಯೂ ಅಲ್ಲಿಯೇ ನಡೆಯುವುದು. ಕುಡಿಯನ್ನು ಕತ್ತರಿಸಿ ನೆಡುವ ಸಸಿಯನ್ನು ನೋಡಲು ಹೋದ ಗೆಣಸು ಬೆಳೆಯುವ ಮುದುಕಿಯೊಬ್ಬಳಿಗೆ ಅದರಲ್ಲಿ ಹೊಸತೇನೂ ಕಾಣದಿದ್ದರೆ ಆಶ್ಚರ್ಯವಿಲ್ಲ.