ಹೊಳಹಿಗಾಗಿ ಸಭೆ ಕರೆದವರು

ಕಚೇರಿ ಸಭೆಗಳಲ್ಲಿ ಹೊಸ ಮಾತು ಹುಟ್ಟುವುದು ಅಪರೂಪ. ಸಾಹೇಬರು ಮೊದಲು ಮಾತಾಡುತ್ತಾರೆ, ಹಿರಿಯರು ಹೌದೆನ್ನುತ್ತಾರೆ. ಕೊನೆಯ ಕುರ್ಚಿಯ ಹೊಸಬನಿಗೆ ಏನಾದರೂ ಹೊಳೆದಿದ್ದರೆ, ಚಹಾ ಮುಗಿಯುವಷ್ಟರಲ್ಲಿ ಅದು ಗಂಟಲಲ್ಲೇ ಇಳಿದುಹೋಗಿರುತ್ತದೆ. ಈ ಹೊಸಬನ ಬಾಯಿ ಬಿಡಿಸುವುದು ಹೇಗೆ? ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬಾರ್ನ್‌ಗೆ ಇದು ಸೌಜನ್ಯದ ಪ್ರಶ್ನೆಯಷ್ಟೇ ಆಗಿರಲಿಲ್ಲ, ಹೊಟ್ಟೆಪಾಡಿನ ಪ್ರಶ್ನೆಯೂ ಆಗಿತ್ತು. ಜಾಹೀರಾತು ಕಂಪನಿ ಮಾರುವ ಸರಕೇ ಹೊಸ ಕಲ್ಪನೆ ತಾನೆ?

1888ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಆಸ್ಬಾರ್ನ್ 1919ರಲ್ಲಿ ಇಬ್ಬರು ಪಾಲುದಾರರೊಂದಿಗೆ ಜಾಹೀರಾತು ಸಂಸ್ಥೆ ಕಟ್ಟಿದರು. 1928ರಲ್ಲಿ ಅದು ಜಾರ್ಜ್ ಬ್ಯಾಟನ್ ಕಂಪನಿಯೊಂದಿಗೆ ಸೇರಿ ‘ಬಿಬಿಡಿಒ’ ಆಯಿತು. 1939ರ ಸುಮಾರಿಗೆ ಅಲ್ಲಿ ಹೊಸ ಬಗೆಯ ಸಭೆಗಳು ಆರಂಭವಾದವು. ಅವುಗಳ ಕಟ್ಟಳೆ ನಾಲ್ಕೇ. ಯಾರ ಮಾತನ್ನೂ ಟೀಕಿಸಬಾರದು. ಎಷ್ಟೇ ಹುಚ್ಚು ಕಲ್ಪನೆಯಾದರೂ ಹೇಳಬೇಕು. ಗುಣಕ್ಕಿಂತ ಮೊದಲು ಸಂಖ್ಯೆ ಮುಖ್ಯ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬೆಳೆಸಬಹುದು. ಇದಕ್ಕೆ ‘ಬ್ರೈನ್‌ಸ್ಟಾರ್ಮಿಂಗ್’ ಎಂಬ ಹೆಸರು ಬಿತ್ತು. ಕೆಲವರು ಇದನ್ನು ಮಿದುಳಿನಲ್ಲೇಳುವ ಬಿರುಗಾಳಿ ಎಂದು ಅರ್ಥ ಮಾಡುವುದುಂಟು. ಆಸ್ಬಾರ್ನ್ ಮನಸ್ಸಿನಲ್ಲಿದ್ದುದು ಗಾಳಿಯಲ್ಲ, ಯುದ್ಧ. ಕಮಾಂಡೊಗಳು ಕೋಟೆಗೆ ನುಗ್ಗುವಂತೆ ಸಮಸ್ಯೆಯ ಮೇಲೆ ಮಿದುಳಿನಿಂದ ದಾಳಿ ಮಾಡುವುದು. ಕನ್ನಡದ ‘ಲಗ್ಗೆ’ ಎಂಬ ಪದ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಆಸ್ಬಾರ್ನ್ ತಮ್ಮ ಪದ್ಧತಿಗೆ ಭಾರತದಲ್ಲೂ ಒಂದು ಬೇರು ತೋರಿಸಿದ್ದರು ಎಂಬುದು ಸೋಜಿಗ. ನಾನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಹಿಂದೂ ಗುರುಗಳು ಇಂಥದೇ ಕ್ರಮ ಬಳಸುತ್ತಿದ್ದಾರೆ, ಅದರ ಹೆಸರು ‘ಪ್ರಾಯ್-ಬರ್ಶನ’ ಎಂದು ಅವರು ಬರೆದರು. ಸಂಸ್ಕೃತ ಬಲ್ಲವರಿಗೆ ಈ ಪದ ಗುರುತು ಸಿಗುವುದು ಕಷ್ಟ. ಭಗವದ್ಗೀತೆಯಲ್ಲಿ ಬರುವ ‘ಪರಿಪ್ರಶ್ನ’ವೇ ಯಾರದೋ ಬಾಯಿಂದ ಬಾಯಿಗೆ ದಾಟುತ್ತ ಹೀಗಾಗಿರಬಹುದು. ಗುರುವನ್ನು ವಿನಯದಿಂದ ಕೇಳಿ ತಿಳಿಯುವುದಕ್ಕೂ, ಹಲ್ಲುಜ್ಜುವ ಪೇಸ್ಟಿಗೆ ಹೆಸರು ಹುಡುಕಲು ಹತ್ತು ಜನ ಮೇಜಿನ ಸುತ್ತ ಕೂರುವುದಕ್ಕೂ ನಂಟೇನು ಎಂಬುದು ಬೇರೆ ಮಾತು.

ಆಸ್ಬಾರ್ನ್ 1948ರಲ್ಲಿ ಬರೆದ ‘ಯುವರ್ ಕ್ರಿಯೇಟಿವ್ ಪವರ್’ ಪುಸ್ತಕ ಈ ಪದ್ಧತಿಯನ್ನು ಜನರಿಗೆ ಮುಟ್ಟಿಸಿತು. ಕಾಲವೂ ಅನುಕೂಲಕರವಾಗಿತ್ತು. 1950ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷ ಜೆ.ಪಿ. ಗಿಲ್ಫೋರ್ಡ್ ತಮ್ಮ ಭಾಷಣದಲ್ಲಿ, ಹಿಂದಿನ 23 ವರ್ಷಗಳಲ್ಲಿ ಪಟ್ಟಿಯಾದ ಸುಮಾರು 1,21,000 ಮನೋವಿಜ್ಞಾನ ಬರಹಗಳ ಪೈಕಿ ಸೃಜನಶೀಲತೆಗೆ ಸಂಬಂಧಿಸಿದವು 186 ಮಾತ್ರ ಎಂದು ಎಣಿಸಿ ತೋರಿಸಿದರು. ಪಂಡಿತರು ಕೈಯಿಡದ ಹೊಲದಲ್ಲಿ ಜಾಹೀರಾತಿನವರು ಆಗಲೇ ಬೆಳೆ ತೆಗೆಯುತ್ತಿದ್ದರು. ಕಂಪನಿಗಳು, ಸರ್ಕಾರಿ ಇಲಾಖೆಗಳು, ಸೇನೆ ಎಲ್ಲ ಕಡೆಗೂ ಬ್ರೈನ್‌ಸ್ಟಾರ್ಮಿಂಗ್ ಹಬ್ಬಿತು. ಅದು ನಿಜವಾಗಿ ಫಲ ಕೊಡುತ್ತದೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ.

ಪರೀಕ್ಷೆ ನಡೆದದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ. ಡೊನಾಲ್ಡ್ ಟೇಲರ್ ಮತ್ತು ಸಂಗಡಿಗರು 96 ವಿದ್ಯಾರ್ಥಿಗಳನ್ನು ಆರಿಸಿ, 48 ಮಂದಿಯನ್ನು ನಾಲ್ವರಂತೆ 12 ಗುಂಪು ಮಾಡಿದರು. ಉಳಿದ 48 ಮಂದಿ ಒಬ್ಬೊಬ್ಬರೇ ಯೋಚಿಸಿದರು. ಎಲ್ಲರಿಗೂ ಆಸ್ಬಾರ್ನ್‌ರದೇ ಕಟ್ಟಳೆ, ಅವೇ ಪ್ರಶ್ನೆಗಳು. ಮನುಷ್ಯನ ಕೈಗೆ ಇನ್ನೊಂದು ಹೆಬ್ಬೆರಳು ಹೆಚ್ಚಾಗಿ ಬೆಳೆದರೆ ಲಾಭವೇನು, ತೊಂದರೆಯೇನು ಎಂಬುದು ಅವುಗಳಲ್ಲೊಂದು. ಆನಂತರ ಒಂಟಿಯಾಗಿ ಯೋಚಿಸಿದವರ ಉತ್ತರಗಳನ್ನು ನಾಲ್ಕು ನಾಲ್ಕಾಗಿ ಕೂಡಿಸಿ, ಒಬ್ಬರದನ್ನೇ ಇನ್ನೊಬ್ಬರು ಹೇಳಿದ್ದರೆ ಒಮ್ಮೆ ಮಾತ್ರ ಲೆಕ್ಕಕ್ಕೆ ಹಿಡಿದರು. 1958ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂಟಿಗರ ಕಲ್ಪನೆಗಳು ಗುಂಪಿನವರವಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಇದ್ದವು.

ವಿದ್ಯಾರ್ಥಿಗಳಿಗೆ ಕಚೇರಿಯ ಅನುಭವ ಎಲ್ಲಿ ಎಂದು ಕೇಳಬಹುದು. 1963ರಲ್ಲಿ ಮಿನ್ನೆಸೋಟದ ‘3ಎಂ’ ಕಂಪನಿಯ 48 ವಿಜ್ಞಾನಿಗಳು ಮತ್ತು ಜಾಹೀರಾತು ವಿಭಾಗದ 48 ನೌಕರರ ಮೇಲೆ ನಡೆದ ಪ್ರಯೋಗದ ವರದಿ ಬಂತು. ನಾಲ್ವರ 24 ತಂಡಗಳಲ್ಲಿ 23 ತಂಡಗಳವರು, ಒಟ್ಟಾಗಿ ಕೂತಾಗಿನದಕ್ಕಿಂತ ಬೇರೆಬೇರೆ ಕೂತಾಗಲೇ ಹೆಚ್ಚು ಕಲ್ಪನೆ ಕೊಟ್ಟಿದ್ದರು. ಮಾತೇ ಕಸುಬಾದ ಜಾಹೀರಾತಿನವರದೂ ಇದೇ ಕಥೆ.

ಕಾರಣ ತಿಳಿಯಲು ಇನ್ನೂ ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ಟೀಕೆ ನಿಷೇಧಿಸಿದ ಮಾತ್ರಕ್ಕೆ ಅಂಜಿಕೆ ಹೋಗುವುದಿಲ್ಲ, ನಾಲ್ವರಿದ್ದಾರೆಂಬ ಧೈರ್ಯದಲ್ಲಿ ಸೋಮಾರಿತನವೂ ಸೇರುತ್ತದೆ ಎಂದು ಊಹಿಸಲಾಗಿತ್ತು. ಜರ್ಮನಿಯ ಮೈಕೆಲ್ ಡೀಲ್ ಮತ್ತು ವುಲ್ಫ್‌ಗ್ಯಾಂಗ್ ಸ್ಟ್ರೋಬ್ 1987ರಲ್ಲಿ ಇನ್ನೂ ಸರಳವಾದುದನ್ನು ಕಂಡರು. ಸಭೆಯಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಾತಾಡಬಹುದು. ಉಳಿದವರು ಸರದಿ ಕಾಯಬೇಕು. ಕಾಯುವಾಗ ಹೊಳೆದದ್ದು ಮರೆಯುತ್ತದೆ, ಮರೆಯದಂತೆ ಹಿಡಿದುಕೊಂಡರೆ ಹೊಸದು ಹೊಳೆಯುವುದಿಲ್ಲ. ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಒಬ್ಬ ಮಾತಾಡುವಾಗ ಉಳಿದವರಿಗೆ ಕೆಂಪು ದೀಪ ಉರಿಯುವಂತೆ ಮಾಡಿದರೂ ಅಷ್ಟೇ ನಷ್ಟವಾಯಿತು. ಕೊನೆಯ ಕುರ್ಚಿಯವನನ್ನು ಕಟ್ಟಿಹಾಕಿದ್ದು ಸಾಹೇಬರ ಗದರಿಕೆ ಮಾತ್ರವಲ್ಲ, ಸರದಿಯೂ ಹೌದು.

ಅದೇ ‘3ಎಂ’ನಲ್ಲಿ ಸಭೆಗಳ ಹೊರಗೆ ನಡೆದದ್ದು ಬೇರೆಯೇ ಕಥೆ. ಮರಳು ಕಾಗದ ಮಾರುತ್ತಿದ್ದ ಕಂಪನಿಯದು. ರಿಚರ್ಡ್ ಡ್ರೂ ಎಂಬ ನೌಕರ ಕಾರುಗಳಿಗೆ ಬಣ್ಣ ಹೊಡೆಯುವವರ ಗೋಳು ಕಂಡು ಅಂಟು ಪಟ್ಟಿ ಮಾಡಲು ಹೊರಟಾಗ, ಮೇಲಧಿಕಾರಿ ವಿಲಿಯಂ ಮೆಕ್‌ನೈಟ್ ಮರಳು ಕಾಗದದ ಕೆಲಸಕ್ಕೆ ಮರಳುವಂತೆ ಸೂಚಿಸಿದರು. ಡ್ರೂ ಗುಟ್ಟಾಗಿ ಮುಂದುವರಿಸಿದರು. 1925ರಲ್ಲಿ ಮಾಸ್ಕಿಂಗ್ ಟೇಪ್ ಸಿದ್ಧವಾಯಿತು. ಮೆಕ್‌ನೈಟ್‌ಗೆ ಇದು ಪಾಠವಾಗಿರಬೇಕು. ಮುಂದೆ ತಂತ್ರಜ್ಞರು ತಮ್ಮ ಸಮಯದ ಶೇ 15ರಷ್ಟನ್ನು ಸ್ವಂತ ಆಸಕ್ತಿಯ ಕೆಲಸಕ್ಕೆ ಬಳಸಬಹುದೆಂಬ ಪದ್ಧತಿ ಕಂಪನಿಯಲ್ಲಿ ಬೇರೂರಿತು.

1968ರಲ್ಲಿ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಮಾಡಲು ಹೋಗಿ, ಹಚ್ಚಿದರೆ ಹತ್ತುವ, ಎಳೆದರೆ ಬಿಡುವ ದುರ್ಬಲ ಅಂಟು ಮಾಡಿಬಿಟ್ಟರು. ಯಾರಿಗೆ ಬೇಕು ಅಂಥ ಅಂಟು? ಸಿಲ್ವರ್ ಕಂಪನಿಯೊಳಗೆ ಐದಾರು ವರ್ಷ ಅದರ ಬಗ್ಗೆ ಹೇಳುತ್ತಲೇ ತಿರುಗಿದರು. ಯಾರೂ ಅವರನ್ನು ಕೆಲಸದಿಂದ ತೆಗೆಯಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. 1974ರಲ್ಲಿ ಸಹೋದ್ಯೋಗಿ ಆರ್ಟ್ ಫ್ರೈಗೆ, ಚರ್ಚಿನ ಗಾಯನ ಮೇಳದಲ್ಲಿ ಹಾಡಿನ ಪುಸ್ತಕದಿಂದ ಗುರುತಿನ ಚೀಟಿಗಳು ಉದುರಿಬೀಳುತ್ತಿದ್ದಾಗ, ಆ ಅಂಟಿನ ನೆನಪಾಯಿತು. ಚೀಟಿಯ ಹಳದಿ ಬಣ್ಣವನ್ನೂ ಯಾರೂ ಯೋಚಿಸಿ ಆರಿಸಲಿಲ್ಲ. ಪಕ್ಕದ ಪ್ರಯೋಗಾಲಯದಲ್ಲಿ ಉಳಿದಿದ್ದ ಕಾಗದ ಹಳದಿಯದಾಗಿತ್ತು. 1977ರಲ್ಲಿ ನಾಲ್ಕು ನಗರಗಳಲ್ಲಿ ಮಾರಾಟಕ್ಕಿಟ್ಟಾಗ ಜನ ಕೊಳ್ಳಲಿಲ್ಲ. ಮರುವರ್ಷ ಬಾಯ್ಸಿ ನಗರದಲ್ಲಿ ಪುಕ್ಕಟೆ ಹಂಚಿದರು. ಬಳಸಿ ನೋಡಿದವರು ಇನ್ನಷ್ಟು ಬೇಕೆಂದರು. 1980ರಲ್ಲಿ ‘ಪೋಸ್ಟ್-ಇಟ್’ ಅಮೆರಿಕದಾದ್ಯಂತ ಅಂಗಡಿಗಳಿಗೆ ಬಂತು. ಹೊಳಹಿನಿಂದ ಅಂಗಡಿಗೆ ಹನ್ನೆರಡು ವರ್ಷ.

ಆಸ್ಬಾರ್ನ್ 1966ರಲ್ಲಿ ತೀರಿಕೊಂಡರು. ಗುಂಪಿನ ಚಿಂತನೆ ಒಬ್ಬರೇ ಕೂತು ಯೋಚಿಸುವುದಕ್ಕೆ ಪೂರಕ ಮಾತ್ರ ಎಂದು ಅವರು ತಮ್ಮ ಪುಸ್ತಕದಲ್ಲಿ ಬರೆದಿದ್ದರು. ಸಭೆ ಕರೆಯುವವರು ಆ ಪುಟದವರೆಗೆ ಓದಿದಂತೆ ಕಾಣುವುದಿಲ್ಲ. ಬ್ರೈನ್‌ಸ್ಟಾರ್ಮಿಂಗ್ ಇಂದಿಗೂ ಎಲ್ಲ ಕಡೆ ನಡೆಯುತ್ತಿದೆ. ಈಗ ಹಲವು ಸಭೆಗಳಲ್ಲಿ, ಮಾತು ಶುರುವಾಗುವ ಮೊದಲು ಪ್ರತಿಯೊಬ್ಬರೂ ತಮಗೆ ಹೊಳೆದದ್ದನ್ನು ಸದ್ದಿಲ್ಲದೆ ಬರೆದು ಗೋಡೆಗೆ ಅಂಟಿಸುತ್ತಾರೆ. ಬರೆಯುವುದು ಅದೇ ಹಳದಿ ಚೀಟಿಗಳ ಮೇಲೆ.