ಕಣ್ಣಿಗೆ ನರ್ಸ್ ಇಂಜೆಕ್ಷನ್ ಕೊಟ್ಟರೆ ಅಪಾಯವೇ? ಕಣ್ಣಿನ ವಿಭಾಗದ ನರ್ಸ್‌ಗಳು ಏನನ್ನುತ್ತಾರೆ?

ಕಣ್ಣಿನೊಳಗೆ ಸೂಜಿ ಚುಚ್ಚುತ್ತಾರೆ ಎಂದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಸೂಜಿ ಹಿಡಿದವರು ಡಾಕ್ಟರ್ ಅಲ್ಲ, ನರ್ಸ್ ಎಂದು ಗೊತ್ತಾದರಂತೂ ಗಾಬರಿ ಇನ್ನೂ ಹೆಚ್ಚು. ಬ್ರಿಟನ್ನಿನ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಈಗ ದಿನನಿತ್ಯದ ಕೆಲಸ. 'ಡಾಕ್ಟರ್‌ಗಳು ಸಾಲದ್ದಕ್ಕೆ ನರ್ಸ್‌ಗಳ ಕೈಯಲ್ಲಿ ಅಗ್ಗದ ಚಿಕಿತ್ಸೆ ಕೊಡಿಸುತ್ತಿದ್ದಾರೆ' ಎಂಬ ಮಾತು ಎಷ್ಟು ನಿಜ? ಪರಿಶೀಲಿಸೋಣ.

ಅಡ್ವಾನ್ಸ್ಡ್ ನರ್ಸ್ ಪ್ರಾಕ್ಟೀಷನರ್ ಎಂದರೆ ಯಾರು?

ನರ್ಸ್ ಪ್ರಾಕ್ಟೀಷನರ್ ಎಂಬ ಹುದ್ದೆ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ. ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ಇದರ ತರಬೇತಿ ಆರಂಭಿಸಿದರು. ಬ್ರಿಟನ್ನಿನಲ್ಲಿ ಅಡ್ವಾನ್ಸ್ಡ್ ನರ್ಸ್ ಪ್ರಾಕ್ಟೀಷನರ್, ಅಂದರೆ ಎಎನ್‌ಪಿ ಎಂದರೆ ಅನುಭವಿ ನರ್ಸ್; ಸಾಮಾನ್ಯವಾಗಿ ಸ್ನಾತಕೋತ್ತರ ಮಟ್ಟದ ತರಬೇತಿ ಪಡೆದವರು. ರೋಗಿಯನ್ನು ಪರೀಕ್ಷಿಸುವುದು, ರೋಗ ಗುರುತಿಸುವುದು, ಚಿಕಿತ್ಸೆ ನಿರ್ಧರಿಸುವುದು ಇವರ ಕೆಲಸ. ಪ್ರತ್ಯೇಕ ಅರ್ಹತೆ ಪಡೆದ ನರ್ಸ್‌ಗಳು ಔಷಧಿ ಚೀಟಿಯನ್ನೂ ಬರೆಯಬಹುದು. ಕಣ್ಣಿನ ವಿಭಾಗದಲ್ಲಾದರೆ ಗ್ಲಾಕೋಮಾ ಕ್ಲಿನಿಕ್, ತುರ್ತು ಕಣ್ಣಿನ ಚಿಕಿತ್ಸೆ, ಪೊರೆ ಶಸ್ತ್ರಚಿಕಿತ್ಸೆಯ ನಂತರದ ತಪಾಸಣೆ ಇವರ ಕೈಯಲ್ಲಿರಬಹುದು.

ಇಲ್ಲೊಂದು ಗೊಂದಲ ಬಿಡಿಸಬೇಕು. ಇಂಜೆಕ್ಷನ್ ಕೊಡುವ ನರ್ಸ್‌ಗಳೆಲ್ಲ ಎಎನ್‌ಪಿಗಳಲ್ಲ. ಒಂದು ನಿರ್ದಿಷ್ಟ ಕೆಲಸವನ್ನು ಚೆನ್ನಾಗಿ ಕಲಿಯುವುದು ಬೇರೆ, ರೋಗಿಯ ಪೂರ್ತಿ ಹೊಣೆ ಹೊರುವುದು ಬೇರೆ. ಸುದ್ದಿಗಳಲ್ಲಿ ಇವೆರಡನ್ನೂ ಒಂದೇ ಮಾಡಿಬಿಡುತ್ತಾರೆ.

ಇದರ ಅಗತ್ಯ ಏಕೆ ಬಂತು?

ವಯಸ್ಸಾದವರ ಅಕ್ಷಿಪಟಲದ ನಡುಭಾಗ ಹಾಳಾಗುವ 'ವೆಟ್ ಎಎಂಡಿ' ಕಾಯಿಲೆಗೆ ರಾನಿಬಿಜುಮ್ಯಾಬ್ ಬಳಸಬಹುದು ಎಂದು ಇಂಗ್ಲೆಂಡಿನ ನೈಸ್ ಸಂಸ್ಥೆ 2008ರಲ್ಲಿ ಶಿಫಾರಸು ಮಾಡಿತು. ಔಷಧಿ ಒಳ್ಳೆಯದೇ. ಆದರೆ ಮೊದಮೊದಲು ತಿಂಗಳಿಗೊಮ್ಮೆ, ಆಮೇಲೂ ವರ್ಷಗಟ್ಟಲೆ ಚುಚ್ಚುತ್ತಿರಬೇಕು. ಕ್ಲಿನಿಕ್‌ಗಳು ತುಂಬಿ ತುಳುಕಿದವು.

ಕಾಯುವುದರಿಂದ ಏನಾಗುತ್ತದೆ ಎಂಬುದಕ್ಕೆ ಗ್ಲಾಕೋಮಾದ ಉದಾಹರಣೆ ಸಾಕು. ಇಂಗ್ಲೆಂಡಿನ ಆರೋಗ್ಯ ಸುರಕ್ಷತಾ ತನಿಖಾ ಸಂಸ್ಥೆ 2020ರ ಜನವರಿಯಲ್ಲಿ ಪ್ರಕಟಿಸಿದ ವರದಿಯಲ್ಲಿ 34 ವರ್ಷದ ಮಹಿಳೆಯೊಬ್ಬರ ಪ್ರಕರಣವಿದೆ. ಮರುತಪಾಸಣೆ 13 ತಿಂಗಳು ತಡವಾಗಿ ಅವರು ದೃಷ್ಟಿ ಕಳೆದುಕೊಂಡರು. ಹೀಗೆ ತಡವಾಗಿ ತಿಂಗಳಿಗೆ ಸುಮಾರು 22 ಜನರ ದೃಷ್ಟಿಗೆ ತೀವ್ರ ಅಥವಾ ಶಾಶ್ವತ ಹಾನಿಯಾಗುತ್ತಿದೆ ಎಂಬ ಅಂದಾಜನ್ನೂ ಆ ವರದಿ ಉಲ್ಲೇಖಿಸಿತ್ತು.

ಹಾಗಾದರೆ ಇದು ಸುರಕ್ಷಿತವೇ?

ತರಬೇತಿ ಪಡೆದವರ ಕೈಯಲ್ಲಿ, ಹೌದು. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಡಾಕ್ಟರ್, ಇನ್ನೊಂದಕ್ಕೆ ನರ್ಸ್ ಇಂಜೆಕ್ಷನ್ ಕೊಟ್ಟು ಹೋಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ನೋಡಿದಾಗ ನರ್ಸ್ ಗುಂಪಿನವರ ದೃಷ್ಟಿ ಡಾಕ್ಟರ್ ಗುಂಪಿಗಿಂತ ಹಿಂದೆ ಬಿದ್ದಿರಲಿಲ್ಲ. ಕಪ್ಪುಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ಆಚೆ, ಬಿಳಿಭಾಗದಲ್ಲಿ ಚುಚ್ಚಬೇಕು. ಅದಕ್ಕೂ ಮುನ್ನ ಅಯೋಡಿನ್ ದ್ರಾವಣದಿಂದ ಶುಚಿ ಮಾಡಬೇಕು. ಡಾಕ್ಟರ್ ಆಗಲಿ ನರ್ಸ್ ಆಗಲಿ, ಕ್ರಮ ಒಂದೇ.

ಅಂದಮಾತ್ರಕ್ಕೆ ಎಎನ್‌ಪಿಯ ಎಲ್ಲ ಕೆಲಸಗಳಿಗೂ ಇದೇ ಪುರಾವೆ ಎಂದು ಹೇಳಲಾಗದು. ಅಧ್ಯಯನ ಇಂಜೆಕ್ಷನ್ನಿಗೆ ಮಾತ್ರ ಸಂಬಂಧಿಸಿದ್ದು.

ನರ್ಸ್‌ಗಳಿಗೆ ಇದು ಬೇಕೇ?

ಈ ಪ್ರಶ್ನೆಯನ್ನು ಕೇಳುವವರೇ ಕಡಿಮೆ. ಕಣ್ಣಿನ ನರ್ಸ್‌ಗಳಲ್ಲಿ ಅನೇಕರು ಈ ಹುದ್ದೆಯನ್ನು ಸ್ವಾಗತಿಸುತ್ತಾರೆ. ಪ್ರತಿ ತಿಂಗಳು ಬರುವ ಅದೇ ಅಜ್ಜಿಗೆ ಅದೇ ಮುಖ ಕಂಡರೆ ಧೈರ್ಯ. ನರ್ಸ್‌ಗೂ ವಾರ್ಡಿನಲ್ಲೇ ಉಳಿದು ಮೇಲೇರುವ ದಾರಿ. ಇಲ್ಲದಿದ್ದರೆ ಬಡ್ತಿ ಎಂದರೆ ರೋಗಿಗಳನ್ನು ಬಿಟ್ಟು ಆಡಳಿತದ ಕುರ್ಚಿಗೆ ಹೋಗುವುದೇ ಆಗಿತ್ತು.

ಅಳುಕೂ ಇದೆ. ಏನಾದರೂ ಎಡವಟ್ಟಾದರೆ ಕಾನೂನಿನ ಮುಂದೆ ನಿಲ್ಲುವವರು ಯಾರು? ಕಲಿಯಲು ಹೋದಾಗ ನಮ್ಮ ಜಾಗದಲ್ಲಿ ಯಾರು? ಕೈಹಿಡಿದು ಕಲಿಸಲು ಹಿರಿಯ ಡಾಕ್ಟರ್‌ಗೆ ಪುರುಸೊತ್ತಿದೆಯೇ? ಜತೆಗೆ ಸಂಬಳದ ಪ್ರಶ್ನೆ. ಅಲ್ಲಿ ಹೊಸ ನರ್ಸ್ ಸೇರುವುದು 5ನೇ ವೇತನ ಶ್ರೇಣಿಗೆ. ಎಎನ್‌ಪಿ ಸಾಮಾನ್ಯವಾಗಿ 7 ಅಥವಾ 8ಎ. ಹೊಣೆ ಬಂದು ಶ್ರೇಣಿ ಬಾರದಿದ್ದರೆ 'ಡಾಕ್ಟರ್ ಕೆಲಸ, ನರ್ಸ್ ಸಂಬಳ' ಎಂಬ ಬೇಸರ ಸಹಜ. ನಮಗಂತೂ ಈ ದೂರು ನ್ಯಾಯವಾದದ್ದೇ ಅನಿಸುತ್ತದೆ. ಇನ್ನು ಕೆಲವರದು ಬೇರೆಯೇ ಚಿಂತೆ: ಅರ್ಧ ಡಾಕ್ಟರ್ ಆಗುವ ಭರದಲ್ಲಿ ರೋಗಿಯ ಪಕ್ಕ ಕೂತು ಮಾತಾಡುವ ನರ್ಸ್‌ತನ ಕಳೆದುಹೋಗುತ್ತದೆಯೇ?

ಭಾರತದಲ್ಲಿ ನರ್ಸ್ ಪ್ರಾಕ್ಟೀಷನರ್ ತರಬೇತಿ ತೀವ್ರ ನಿಗಾ ಚಿಕಿತ್ಸೆ ಮತ್ತು ಹೆರಿಗೆ ಆರೈಕೆಯಲ್ಲಿ ಆರಂಭವಾಗಿದೆ. ನಮ್ಮಲ್ಲಿ ಕಣ್ಣಿನೊಳಗಿನ ಇಂಜೆಕ್ಷನ್ ಕೊಡುವವರು ನೇತ್ರ ತಜ್ಞರೇ. ಯಾರೇ ಕೊಟ್ಟಿರಲಿ, ನಂತರದ ದಿನಗಳಲ್ಲಿ ನೋವು ಹೆಚ್ಚುತ್ತಿದ್ದರೆ, ಕಣ್ಣು ಕೆಂಪೇರುತ್ತಿದ್ದರೆ ಅಥವಾ ದೃಷ್ಟಿ ಮಂಜಾಗುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಿ.